ಬಾಹ್ಯಾಕಾಶ ದೂರದರ್ಶಕದ ಕನ್ನಡಿ ಮತ್ತು ಅದನ್ನು ಅಳೆದವರು



ಬಾಹ್ಯಾಕಾಶ ವಿಜ್ಞಾನ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ರಾಕೆಟ್, ಉಪಗ್ರಹ ಮತ್ತು ಗಗನಯಾತ್ರಿ. ಪತ್ರಿಕೆಗಳಲ್ಲಿ ನೀಹಾರಿಕೆಗಳ, ದೂರದ ಗೆಲಾಕ್ಸಿಗಳ ಬಣ್ಣದ ಚಿತ್ರಗಳು ಅಚ್ಚಾದಾಗ ಅವನ್ನು ಕತ್ತರಿಸಿ ಪುಸ್ತಕದೊಳಗೆ ಇಟ್ಟುಕೊಂಡವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಆ ಚಿತ್ರವನ್ನು ಹಿಡಿದ ಕನ್ನಡಿಯನ್ನು ಉಜ್ಜಿ ನಯಗೊಳಿಸಿದವರು ಯಾರು, ಅದರ ಬಾಗು ಸರಿಯಾಗಿದೆಯೆಂದು ಅಳೆದು ನೋಡಿದವರು ಯಾರು ಎಂದು ಕೇಳುವವರು ಕಡಿಮೆ. ಆ ಕೆಲಸಕ್ಕೆ ಆಪ್ಟಿಕಲ್ ಎಂಜಿನಿಯರಿಂಗ್ ಎಂದು ಹೆಸರು. ಬೆಳಕನ್ನು ಬಗ್ಗಿಸುವ, ಒಂದೆಡೆ ಕೂಡಿಸುವ, ಅಳೆಯುವ ಉಪಕರಣಗಳನ್ನು ರೂಪಿಸುವ ವಿದ್ಯೆ ಇದು.

ವೈದ್ಯ, ಎಂಜಿನಿಯರ್, ಕಂಪ್ಯೂಟರ್ ಎಂಬ ಮೂರು ಬಾಗಿಲುಗಳ ಮುಂದೆಯೇ ಸಾಲು ನಿಲ್ಲುವ ನಮ್ಮ ಮಕ್ಕಳಿಗೆ ಇಂತಹ ವೃತ್ತಿಯೊಂದಿದೆ ಎಂದು ತಿಳಿಸುವುದು ಈ ಲೇಖನದ ಒಂದು ಉದ್ದೇಶ. ಈ ವೃತ್ತಿ ತನ್ನ ಅತ್ಯಂತ ದೊಡ್ಡ ಪಾಠವನ್ನು ಹೇಗೆ ಕಲಿಯಿತು ಎಂಬ ಚರಿತ್ರೆಯನ್ನು ನಿಮ್ಮ ಮುಂದಿಡುವುದು ಇನ್ನೊಂದು ಉದ್ದೇಶ. ಆ ಪಾಠ ಕನ್ನಡಿ ಉಜ್ಜುವವರಿಗೆ ಮಾತ್ರ ಸಂಬಂಧಿಸಿದ್ದಲ್ಲ ಎಂಬುದು ಲೇಖನ ಮುಗಿಯುವ ಹೊತ್ತಿಗೆ ನಿಮಗೆ ಮನವರಿಕೆಯಾದೀತು.

ಕನ್ನಡಿಯ ಹಳೆಯ ಸಮಸ್ಯೆ

ಒಂದು ಚೆಂಡಿನ ಒಳಮೈಯನ್ನು ಕತ್ತರಿಸಿ ತೆಗೆದಂತಿರುವ ಬಾಗಿದ ಕನ್ನಡಿಯನ್ನು ಸೂರ್ಯನಿಗೆ ಹಿಡಿಯಿರಿ. ಕಿರಣಗಳು ಮುಂದೆ ಒಂದೆಡೆ ಕೂಡುತ್ತವೆ. ಆದರೆ ಸರಿಯಾಗಿ ಒಂದೇ ಬಿಂದುವಿನಲ್ಲಿ ಕೂಡುವುದಿಲ್ಲ. ಕನ್ನಡಿಯ ನಡುಭಾಗದ ಮೇಲೆ ಬಿದ್ದ ಕಿರಣಗಳು ಒಂದು ಕಡೆ ಸೇರಿದರೆ, ಅಂಚಿನ ಮೇಲೆ ಬಿದ್ದವು ಸ್ವಲ್ಪ ಬೇರೆ ಕಡೆ ಸೇರುತ್ತವೆ. ಇದನ್ನು ಸ್ಫೆರಿಕಲ್ ಅಬೆರೇಶನ್, ಅಂದರೆ ಗೋಳೀಯ ದೋಷ ಎನ್ನುತ್ತಾರೆ. ಕನ್ನಡಿಯನ್ನು ಪರವಲಯದ ಆಕಾರಕ್ಕೆ ತಂದರೆ ಈ ದೋಷ ನೀಗುತ್ತದೆ.

ಪರವಲಯದ ಈ ಗುಣ ಪ್ರಾಚೀನ ಗ್ರೀಕರಿಗೆ ತಿಳಿದಿತ್ತು. ಅದನ್ನು ಗಣಿತದ ಮೂಲಕ ವಿವರವಾಗಿ ಪರಿಶೀಲಿಸಿದವರಲ್ಲಿ ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನುಲ್ ಹೈಸಮ್ (ಸುಮಾರು 965-1040) ಪ್ರಮುಖರು. ಗೋಳಾಕಾರದ ಕನ್ನಡಿಯ ಬಗ್ಗೆ ಒಂದು, ಪರವಲಯದ ಕನ್ನಡಿಯ ಬಗ್ಗೆ ಇನ್ನೊಂದು ಗ್ರಂಥವನ್ನು ಅವರು ಬರೆದರು. ಗೋಳ ಕನ್ನಡಿಯಲ್ಲಿ ಒಂದೊಂದು ವೃತ್ತದ ಮೇಲೆ ಬಿದ್ದ ಕಿರಣಗಳು ಒಂದೊಂದು ಬೇರೆ ಬಿಂದುವಿಗೆ ಹೋಗುತ್ತವೆ ಎಂದು ತೋರಿಸಿದರು. ಅವರ 'ಕಿತಾಬುಲ್ ಮನಾಝಿರ್' ಲ್ಯಾಟಿನ್ ಭಾಷೆಗೆ ಹೋಗಿ, 1572ರಲ್ಲಿ ಬಾಸೆಲ್ ನಗರದಲ್ಲಿ ಮುದ್ರಣಗೊಂಡು, ಯುರೋಪಿನ ವಿದ್ವಾಂಸರ ಕೈಸೇರಿತು. ಟಾಲೆಮಿಯಂತಹ ಹಿರಿಯ ವಿದ್ವಾಂಸನ ಮಾತನ್ನೂ ಪರೀಕ್ಷಿಸದೆ ಒಪ್ಪಬಾರದೆಂದು ಅವರು ಪ್ರತ್ಯೇಕ ಗ್ರಂಥವನ್ನೇ ರಚಿಸಿದ್ದರು. ಈ ಎರಡು ಸಂಗತಿಗಳನ್ನು, ಅಂದರೆ ಗೋಳೀಯ ದೋಷವನ್ನೂ ದೊಡ್ಡವರೆಂದು ಪರೀಕ್ಷಿಸದೆ ನಂಬಬಾರದೆಂಬ ನಿಯಮವನ್ನೂ ನೆನಪಿನಲ್ಲಿಡಿ. ಸಾವಿರ ವರ್ಷಗಳ ನಂತರ ಇವೆರಡೂ ಒಂದೇ ಕಡೆ ಎದುರಾದವು.

ಗಾಳಿಯ ಪರದೆಯ ಆಚೆಗೆ

ನಕ್ಷತ್ರಗಳು ಮಿನುಗುವುದನ್ನು ನೋಡಿ ನಾವು ಸಂತೋಷಪಡುತ್ತೇವೆ. ಖಗೋಳ ವಿಜ್ಞಾನಿಗೆ ಅದೇ ಒಂದು ತೊಡಕು. ಭೂಮಿಯ ವಾತಾವರಣದ ಗಾಳಿ ಸದಾ ಅಲುಗಾಡುವುದರಿಂದ ಚಿತ್ರ ಮಸುಕಾಗುತ್ತದೆ. ಜೊತೆಗೆ ನೇರಳಾತೀತ ಕಿರಣಗಳಲ್ಲಿ ಬಹುಪಾಲನ್ನು ವಾತಾವರಣವೇ ತಡೆದುಬಿಡುತ್ತದೆ. ಆದ್ದರಿಂದ ದೂರದರ್ಶಕವನ್ನು ವಾತಾವರಣದ ಮೇಲಕ್ಕೆ ಒಯ್ಯಬೇಕೆಂದು ಅಮೆರಿಕದ ಲೈಮನ್ ಸ್ಪಿಟ್ಜರ್ 1946ರಲ್ಲಿ, ಇನ್ನೂ ಒಂದೇ ಒಂದು ಉಪಗ್ರಹವೂ ಹಾರಿರದ ಕಾಲದಲ್ಲಿ, ಪ್ರತಿಪಾದಿಸಿದರು. ಅದು ಕೈಗೂಡಲು 44 ವರ್ಷ ಬೇಕಾಯಿತು. 1990ರ ಏಪ್ರಿಲ್ 24ರಂದು ಡಿಸ್ಕವರಿ ನೌಕೆಯಲ್ಲಿ ಹಬಲ್ ದೂರದರ್ಶಕ ಮೇಲೇರಿತು.

ಹಬಲ್‌ನ ಮುಖ್ಯ ಕನ್ನಡಿಯ ವ್ಯಾಸ 2.4 ಮೀಟರ್. ಶಾಖಕ್ಕೆ ಹೆಚ್ಚು ಹಿಗ್ಗದ, ಕುಗ್ಗದ ವಿಶೇಷ ಗಾಜನ್ನು ಕಾರ್ನಿಂಗ್ ಕಂಪನಿ ತಯಾರಿಸಿತು. ಅದನ್ನು ಉಜ್ಜಿ ಆಕಾರಕ್ಕೆ ತಂದದ್ದು ಕನೆಕ್ಟಿಕಟ್ ರಾಜ್ಯದ ಪರ್ಕಿನ್-ಎಲ್ಮರ್ ಕಂಪನಿ. ಅಂತಿಮ ಉಜ್ಜುವಿಕೆ 1981ರಲ್ಲಿ ಮುಗಿಯಿತು. ಕನ್ನಡಿಯ ಮೈ ಎಷ್ಟು ನಯವಾಗಿತ್ತೆಂದರೆ, ಅದುವರೆಗೆ ತಯಾರಾದ ದೊಡ್ಡ ಕನ್ನಡಿಗಳಲ್ಲಿ ಅದಕ್ಕೆ ಸಮನಾದದ್ದಿಲ್ಲ ಎಂದು ತಜ್ಞರು ಹೆಮ್ಮೆಪಟ್ಟರು.

ಆದರೆ ಮೊದಲ ಚಿತ್ರಗಳು ಬಂದಾಗ ನಕ್ಷತ್ರಗಳ ಸುತ್ತ ಬೆಳಕು ಚೆಲ್ಲಿದಂತೆ ಕಾಣಿಸಿತು. ನಕ್ಷತ್ರದ ಬೆಳಕಿನಲ್ಲಿ ಶೇಕಡಾ 70ರಷ್ಟು ಒಂದು ಪುಟ್ಟ ವೃತ್ತದೊಳಗೆ ಸೇರಬೇಕಾಗಿತ್ತು, ಸೇರಿದ್ದು ಶೇಕಡಾ 15ರಷ್ಟು ಮಾತ್ರ. 1990ರ ಜೂನ್ 27ರಂದು ನಾಸಾ ಸತ್ಯವನ್ನು ಪ್ರಕಟಿಸಿತು. ಕನ್ನಡಿಗೆ ಗೋಳೀಯ ದೋಷವಿತ್ತು. ಅದರ ಅಂಚು ಇರಬೇಕಾದುದಕ್ಕಿಂತ 2.2 ಮೈಕ್ರಾನ್‌ನಷ್ಟು ಹೆಚ್ಚು ಚಪ್ಪಟೆಯಾಗಿತ್ತು. ಇದು ತಲೆಗೂದಲಿನ ದಪ್ಪದ ಸುಮಾರು ಐವತ್ತರಲ್ಲಿ ಒಂದು ಪಾಲು. ಅಮೆರಿಕದ ಪತ್ರಿಕೆಗಳು ಗೇಲಿ ಮಾಡಿದವು. ತಮ್ಮ ಬದುಕಿನ ಹತ್ತು ಹದಿನೈದು ವರ್ಷಗಳನ್ನು ಈ ಕೆಲಸಕ್ಕೆ ಮುಡಿಪಾಗಿಟ್ಟ ವಿಜ್ಞಾನಿಗಳು ತಲೆ ತಗ್ಗಿಸಿದರು.

ಸುಳ್ಳು ಹೇಳಿದ ಅಳತೆ

ಇಷ್ಟು ನಯವಾದ ಕನ್ನಡಿ ತಪ್ಪು ಆಕಾರಕ್ಕೆ ಹೋದದ್ದು ಹೇಗೆ? ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ನಿರ್ದೇಶಕ ಲ್ಯೂ ಅಲೆನ್ ಅವರ ಅಧ್ಯಕ್ಷತೆಯಲ್ಲಿ ತನಿಖಾ ಮಂಡಳಿ ರಚನೆಯಾಯಿತು. 1990ರ ನವೆಂಬರ್‌ನಲ್ಲಿ ಹೊರಬಂದ ಅದರ ವರದಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಓದಲೇಬೇಕಾದ ದಾಖಲೆ.

ಇಂತಹ ಕನ್ನಡಿಯನ್ನು ಕೈಯಿಂದ ಮುಟ್ಟಿ ಅಳೆಯಲಾಗದು, ಬೆಳಕಿನಿಂದಲೇ ಅಳೆಯಬೇಕು. ಅದಕ್ಕಾಗಿ ನಲ್ ಕರೆಕ್ಟರ್ ಎಂಬ ಉಪಕರಣವಿದೆ. ಎರಡು ಪುಟ್ಟ ಕನ್ನಡಿ ಹಾಗೂ ಒಂದು ಮಸೂರವಿರುವ ಈ ಉಪಕರಣವನ್ನು ದೊಡ್ಡ ಕನ್ನಡಿಯ ಮೇಲೆ ತೂಗಿಟ್ಟು ಲೇಸರ್ ಬೆಳಕನ್ನು ಹಾಯಿಸುತ್ತಾರೆ. ಕನ್ನಡಿಯ ಆಕಾರ ಸರಿಯಾಗಿದ್ದರೆ ಜಮಖಾನದ ಪಟ್ಟೆಗಳಂತೆ ನೇರವಾದ ಕಪ್ಪು ಬಿಳುಪು ಗೆರೆಗಳು ಮೂಡುತ್ತವೆ. ತಪ್ಪಿದ್ದರೆ ಗೆರೆಗಳು ಬಾಗುತ್ತವೆ. ಗೆರೆ ಬಾಗಿದ ಕಡೆ ಮತ್ತಷ್ಟು ಉಜ್ಜಿ, ಪುನಃ ಅಳೆದು, ಗೆರೆ ನೇರವಾಗುವ ತನಕ ಕೆಲಸ ಮುಂದುವರಿಯುತ್ತದೆ. ಅಂದರೆ ನಲ್ ಕರೆಕ್ಟರ್ ಹೇಳಿದಂತೆ ಕನ್ನಡಿ ರೂಪುಗೊಳ್ಳುತ್ತದೆ. ಆ ಉಪಕರಣವೇ ತಪ್ಪಾಗಿದ್ದರೆ ಕನ್ನಡಿಯೂ ಅದೇ ತಪ್ಪಿಗೆ ತಕ್ಕಂತೆ ಅಚ್ಚುಕಟ್ಟಾಗಿ ರೂಪುಗೊಳ್ಳುತ್ತದೆ.

ಆದದ್ದೂ ಅದೇ. ನಲ್ ಕರೆಕ್ಟರ್‌ನೊಳಗಿನ ಮಸೂರ ತನ್ನ ಸ್ಥಾನದಿಂದ 1.3 ಮಿಲಿಮೀಟರ್ ಆಚೀಚೆಯಾಗಿತ್ತು. ಮಸೂರವನ್ನು ಕೂರಿಸುವಾಗ ದೂರವನ್ನು ಅಳೆಯಲು ಇನ್ವಾರ್ ಲೋಹದ ಒಂದು ಸರಳನ್ನು ಬಳಸಿದ್ದರು. ಸರಳಿನ ತುದಿಗೆ ಪುಟ್ಟ ತೂತಿರುವ ಮುಚ್ಚಳ ಹಾಕಲಾಗಿತ್ತು. ತೂತಿನ ಮೂಲಕ ಹಾಯ್ದ ಬೆಳಕು ಸರಳಿನ ತುದಿಗೆ ತಾಗಿ ಹಿಂತಿರುಗಬೇಕು ಎಂಬುದು ಏರ್ಪಾಡು. ಮುಚ್ಚಳದ ಮೇಲೆ ಬೆಳಕು ಪ್ರತಿಫಲಿಸದಂತೆ ಬಣ್ಣ ಬಳಿದಿದ್ದರು. ತೂತಿನ ಪಕ್ಕದಲ್ಲಿ ಆ ಬಣ್ಣ ಸ್ವಲ್ಪ ಕಿತ್ತುಹೋಗಿತ್ತು. ಬೆಳಕು ಸರಳಿನ ತುದಿಯಿಂದ ಹಿಂತಿರುಗುವ ಬದಲು ಮುಚ್ಚಳದಿಂದಲೇ ಹಿಂತಿರುಗಿತು. ಆ ಅಳತೆಗೆ ತಕ್ಕಂತೆ ಮಸೂರವನ್ನು ಹೊಂದಿಸಲು ಹೋದಾಗ ಉಪಕರಣದಲ್ಲಿ ಅಷ್ಟು ಜಾಗವೇ ಇರಲಿಲ್ಲ. ಏಕೆ ಹೀಗಾಯಿತು ಎಂದು ಕೇಳಬೇಕಾದ ಹೊತ್ತು ಅದಾಗಿತ್ತು. ಆದರೆ ಸಾಮಾನ್ಯ ವಾಷರುಗಳನ್ನು ತುರುಕಿ ಹೊಂದಿಸಿದರು. ಕೆಲಸ ಮುಂದೆ ಸಾಗಿತು.

ನಿಜ ಹೇಳಿದ ಎರಡು ಉಪಕರಣಗಳು

ಓದುಗರೇ, ತಪ್ಪು ಯಾರಿಂದಲಾದರೂ ಆಗಬಹುದು. ಈ ಚರಿತ್ರೆಯಲ್ಲಿ ನಿಜಕ್ಕೂ ನೋವುಂಟುಮಾಡುವ ಭಾಗ ಮುಂದಿದೆ. ತಪ್ಪನ್ನು ತೋರಿಸುವ ಉಪಕರಣಗಳು ಅದೇ ಕಾರ್ಖಾನೆಯಲ್ಲಿದ್ದವು, ತೋರಿಸಿಯೂ ಇದ್ದವು. ನಲ್ ಕರೆಕ್ಟರ್ ಸರಿಯಿದೆಯೇ ಎಂದು ಪರೀಕ್ಷಿಸಲು ಇನ್ನೊಂದು ಉಪಕರಣ ಮಾಡಿಟ್ಟಿದ್ದರು. ಅದರಲ್ಲಿ ಗೆರೆಗಳು ಬಾಗಿ ಕಂಡವು. ಕನ್ನಡಿ ಮುಗಿದ ಮೇಲೆ ಮಸೂರಗಳಿಂದಲೇ ಮಾಡಿದ ಮತ್ತೊಂದು ಸಾಧಾರಣ ನಲ್ ಕರೆಕ್ಟರ್‌ನಿಂದ ಅದನ್ನು ಅಳೆದಾಗ ಅದೂ ಗೋಳೀಯ ದೋಷವನ್ನೇ ತೋರಿಸಿತು.

ಈ ಎರಡು ಸಾಕ್ಷಿಗಳ ಮಾತನ್ನು ಏಕೆ ಕೇಳಲಿಲ್ಲ? ಮೊದಲನೆಯ ಉಪಕರಣ ಅತ್ಯಂತ ನಿಖರವಾದದ್ದು, ಉಳಿದೆರಡು ಅಷ್ಟು ನಿಖರವಲ್ಲ. ಆದ್ದರಿಂದ ವ್ಯತ್ಯಾಸ ಕಂಡುಬಂದರೆ ಅದು ಆ ಎರಡರದ್ದೇ ದೋಷವಿರಬೇಕು ಎಂದು ತೀರ್ಮಾನಿಸಿದರು. ಹಣ ಮಿತಿಮೀರಿತ್ತು, ಗಡುವು ಹತ್ತಿರವಾಗಿತ್ತು. ಕಂಪನಿಯೊಳಗೇ ಇದ್ದ ಅನುಭವಿ ದೃಗ್ವಿಜ್ಞಾನಿಗಳ ಮುಂದೆ ವಿಷಯ ಸರಿಯಾಗಿ ಚರ್ಚೆಗೆ ಬರಲಿಲ್ಲ. ನಾಸಾದ ಮೇಲ್ವಿಚಾರಕರೂ ಒತ್ತಾಯಿಸಿ ಕೇಳಲಿಲ್ಲ. ಇಡೀ ದೂರದರ್ಶಕವನ್ನು ಜೋಡಿಸಿದ ಮೇಲೆ ಒಮ್ಮೆ ಆಮೂಲಾಗ್ರ ಪರೀಕ್ಷೆ ಮಾಡಬಹುದಿತ್ತು. ಖರ್ಚು ಹೆಚ್ಚೆಂದು ಅದನ್ನೂ ಕೈಬಿಟ್ಟರು. ಈಸ್ಟ್‌ಮನ್ ಕೊಡ್ಯಾಕ್ ಕಂಪನಿ ಇದೇ ದೂರದರ್ಶಕಕ್ಕಾಗಿ ತಯಾರಿಸಿದ ಬದಲಿ ಕನ್ನಡಿಯೊಂದಿತ್ತು. ಬಾಹ್ಯಾಕಾಶ ಕಾಣದ ಆ ಕನ್ನಡಿ ಈಗ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ವಸ್ತು ಸಂಗ್ರಹಾಲಯದ ಸೊತ್ತು.

1.3 ಮಿಲಿಮೀಟರ್ ಎಂದರೆ ಶಾಲಾ ಮಕ್ಕಳ ಅಳತೆಪಟ್ಟಿಯಲ್ಲಿಯೂ ಕಾಣುವಂತಹ ಅಂತರ. ಬೇರೊಂದು ವಿಧಾನದಿಂದ ಒಮ್ಮೆ ಅಳೆದು ನೋಡಿ, ಆ ಅಳತೆಯನ್ನು ಗೌರವಿಸಿದ್ದರೆ ಸಾಕಿತ್ತು.

ಹಬಲ್‌ಗೆ ಕನ್ನಡಕ

ಈ ವೃತ್ತಿಯ ಹಿರಿಮೆ ಕಂಡುಬಂದದ್ದು ಇದರ ನಂತರ. ಕನ್ನಡಿಯನ್ನು ಕೆಳಗೆ ತರುವಂತಿರಲಿಲ್ಲ, ಮೇಲೆ ಬದಲಿಸುವಂತೆಯೂ ಇರಲಿಲ್ಲ. ಉಳಿದ ದಾರಿ ಒಂದೇ. ಕಣ್ಣಿನ ದೋಷಕ್ಕೆ ಕನ್ನಡಕ ಕೊಡುವಂತೆ, ಕನ್ನಡಿಯ ದೋಷಕ್ಕೆ ಸರಿಯಾಗಿ ವಿರುದ್ಧವಾದ ದೋಷವಿರುವ ಪುಟ್ಟ ಕನ್ನಡಿಗಳನ್ನು ಬೆಳಕಿನ ದಾರಿಯಲ್ಲಿ ಇಡಬೇಕು. ಕನ್ನಡಕ ಕೊಡಬೇಕಾದರೆ ನಂಬರು ಗೊತ್ತಿರಬೇಕಲ್ಲವೇ? ಆ ನಂಬರನ್ನು ಎರಡು ಬೇರೆ ದಾರಿಗಳಿಂದ ಹುಡುಕಿದರು.

ಮೊದಲ ದಾರಿ ಕಾರ್ಖಾನೆಯಲ್ಲಿತ್ತು. ತಪ್ಪಾಗಿ ಜೋಡಿಸಿದ ನಲ್ ಕರೆಕ್ಟರ್ ಒಂಬತ್ತು ವರ್ಷಗಳ ನಂತರವೂ ಬಿಚ್ಚದೆ ಹಾಗೆಯೇ ಉಳಿದಿತ್ತು. ಅದನ್ನು ಅಳೆದು, ಕನ್ನಡಿ ಯಾವ ಆಕಾರಕ್ಕೆ ಹೋಗಿರಬೇಕೆಂದು ಲೆಕ್ಕ ಹಾಕಿದರು. ಎರಡನೆಯ ದಾರಿ ಹಬಲ್ ಕಳುಹಿಸಿದ ಮಸುಕು ಚಿತ್ರಗಳಲ್ಲೇ ಇತ್ತು. ನಕ್ಷತ್ರದ ಚಿತ್ರ ಹೇಗೆ ಮಸುಕಾಗಿದೆ ಎಂಬುದರಿಂದ ಹಿಂದಕ್ಕೆ ಲೆಕ್ಕ ಹಾಕಿ ಕನ್ನಡಿಯ ಆಕಾರವನ್ನು ಕಂಡುಹಿಡಿಯುವ ಫೇಸ್ ರಿಟ್ರೀವಲ್ ಎಂಬ ಗಣಿತವಿಧಾನವಿದೆ. ಮಿಷಿಗನ್‌ನ ಸಂಶೋಧನಾ ಸಂಸ್ಥೆಯಲ್ಲಿದ್ದ ಜೇಮ್ಸ್ ಫಿಯೆನಪ್ 1978ರಿಂದಲೇ ಇಂತಹ ಲೆಕ್ಕಗಳ ಬಗ್ಗೆ ಬರೆಯುತ್ತಿದ್ದರು. ಅವರೂ ಬೇರೆ ಹಲವು ತಂಡಗಳೂ ಈಗ ಹಬಲ್‌ನ ಚಿತ್ರಗಳಿಗೆ ಆ ಗಣಿತವನ್ನು ಅನ್ವಯಿಸಿದರು. ಎರಡೂ ದಾರಿಗಳ ಉತ್ತರ ಹೊಂದಿಕೊಂಡಿತು. ಹತ್ತು ವರ್ಷಗಳ ಹಿಂದೆ ಮಾಡಬೇಕಾಗಿದ್ದ ಕೆಲಸ, ಅಂದರೆ ಎರಡು ಅಳತೆಗಳನ್ನು ಎದುರುಬದುರು ಇಟ್ಟು ನೋಡುವ ಕೆಲಸ, ಈಗ ನಡೆಯಿತು.

ಮುಖ್ಯ ಕ್ಯಾಮರಾದ ಬದಲಿಗೆ ಹೋಗಲಿದ್ದ ಹೊಸ ಕ್ಯಾಮರಾದ ಒಳಗಿನ ಪುಟ್ಟ ಕನ್ನಡಿಗಳಲ್ಲಿಯೇ ತಿದ್ದುಪಡಿಯನ್ನು ಅಳವಡಿಸಿದರು. ಉಳಿದ ಉಪಕರಣಗಳಿಗಾಗಿ 'ಕೋಸ್ಟಾರ್' ಎಂಬ ಪೆಟ್ಟಿಗೆಯನ್ನು ಬಾಲ್ ಏರೋಸ್ಪೇಸ್ ಕಂಪನಿ ನಿರ್ಮಿಸಿತು. ಅದರೊಳಗೆ ನಾಣ್ಯದ ಗಾತ್ರದ ಹತ್ತು ಕನ್ನಡಿಗಳು. ಇವನ್ನು ಬೆಳಕಿನ ದಾರಿಗೆ ತಂದಿಡುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಜಿಮ್ ಕ್ರಾಕರ್ ಎಂಬ ಎಂಜಿನಿಯರ್‌ಗೆ. ಸಭೆಗೆಂದು ಜರ್ಮನಿಗೆ ಹೋಗಿದ್ದ ಅವರು ಹೋಟೆಲಿನ ಸ್ನಾನದ ಕೋಣೆಯಲ್ಲಿ, ಸರಳಿನ ಮೇಲೆ ಮೇಲೆ ಕೆಳಗೆ ಸರಿಯುವ, ಬೇಕಾದ ಕಡೆ ಬಾಗುವ ಶವರ್ ನೋಡಿದರು. ಅದೇ ರೀತಿ ಮಡಚಿದ ತೋಳುಗಳ ಮೇಲೆ ಕನ್ನಡಿಗಳನ್ನು ಕೂರಿಸಬಹುದೆಂದು ಅವರಿಗೆ ಹೊಳೆಯಿತು.

ಆ ಪುಟ್ಟ ಕನ್ನಡಿಗಳ ದೃಗ್ವಿನ್ಯಾಸದ ಹಿಂದಿದ್ದ ಪ್ರಮುಖರು ಬಾಲ್ ಕಂಪನಿಯ ಮುರ್ಕ್ ಬೊಟೆಮಾ. ಎರಡೆರಡು ಕನ್ನಡಿಗಳ ಜೋಡಿಯಿಂದ ದೋಷವನ್ನು ನೀಗುವ ಲೆಕ್ಕ ಅವರದು. ಕೋಸ್ಟಾರ್ ಮೇಲೇರುವ ಮುನ್ನವೇ, 1992ರಲ್ಲಿ, ಅವರು ತೀರಿಕೊಂಡರು. ತಾವು ತಿದ್ದಿದ ಚಿತ್ರವನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ. ಆದರೆ ಅವರ ಲೆಕ್ಕ ಕಾಗದದ ಮೇಲೆ ಸರಿಯಾಗಿತ್ತು, ಬೇರೆಯವರು ಪರೀಕ್ಷಿಸಿ ಒಪ್ಪಿದ್ದರು. ಅಷ್ಟು ಸಾಕಾಯಿತು.

1993ರ ಡಿಸೆಂಬರ್‌ನಲ್ಲಿ ಎಂಡೆವರ್ ನೌಕೆಯ ಗಗನಯಾತ್ರಿಗಳು ಐದು ಬಾರಿ ನೌಕೆಯ ಹೊರಗೆ ಬಂದು ಹಬಲ್‌ನ ದುರಸ್ತಿ ಮುಗಿಸಿದರು. ಸ್ಟೋರಿ ಮಸ್ಗ್ರೇವ್ ಮತ್ತು ಜೆಫ್ರಿ ಹಾಫ್‌ಮನ್ ಹೊಸ ಕ್ಯಾಮರಾವನ್ನು, ಕ್ಯಾಥರಿನ್ ಥಾರ್ನ್‌ಟನ್ ಮತ್ತು ಥಾಮಸ್ ಏಕರ್ಸ್ ಕೋಸ್ಟಾರ್ ಅನ್ನು ಕೂರಿಸಿದರು. 1994ರ ಜನವರಿಯಲ್ಲಿ ಸ್ಪಷ್ಟವಾದ ಚಿತ್ರಗಳು ಜಗತ್ತಿಗೆ ಸಿಕ್ಕವು. ಮುಂದೆ ಬಂದ ಉಪಕರಣಗಳೆಲ್ಲ ತಮ್ಮೊಳಗೇ ತಿದ್ದುಪಡಿ ಇಟ್ಟುಕೊಂಡು ಬಂದುದರಿಂದ 2009ರಲ್ಲಿ ಕೋಸ್ಟಾರ್ ಅನ್ನು ಕಳಚಿ ಭೂಮಿಗೆ ತಂದರು.

ಪಾಠ ಕಲಿತವರ ಕೆಲಸ

ಕಲಿತ ಪಾಠ ಮುಂದಿನ ಪೀಳಿಗೆಗೆ ಹೇಗೆ ದಾಟಿತು ಎಂಬುದಕ್ಕೆ ಜೇಮ್ಸ್ ವೆಬ್ ದೂರದರ್ಶಕ ಸಾಕ್ಷಿ. ಅದರ ಮುಖ್ಯ ಕನ್ನಡಿ 6.5 ಮೀಟರ್ ಅಗಲ. ಬೆರಿಲಿಯಂ ಲೋಹದ 18 ಷಟ್ಕೋನ ತುಂಡುಗಳ ಮೇಲೆ ತೆಳುವಾದ ಚಿನ್ನದ ಲೇಪ. ಅದು ಕೆಲಸ ಮಾಡಬೇಕಾದದ್ದು ಸೊನ್ನೆಗಿಂತ 230 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಕೆಳಗಿನ ಚಳಿಯಲ್ಲಿ. ಆ ಚಳಿಯಲ್ಲಿ ಲೋಹ ಕುಗ್ಗಿ ಆಕಾರ ಬದಲಾಗುತ್ತದೆ. ಆದ್ದರಿಂದ ತುಂಡುಗಳನ್ನು ಚಳಿಗೆ ಒಡ್ಡಿ ಅಳೆದು, ಅಲ್ಲಿ ಎಷ್ಟು ಬದಲಾಯಿತೆಂದು ನೋಡಿ, ಕೋಣೆಯ ಶಾಖದಲ್ಲಿ ಬೇಕೆಂದೇ ಅಷ್ಟು ತಪ್ಪಾಗಿ ಉಜ್ಜಿದರು. ಚಳಿಗೆ ಹೋದಾಗ ಆ ತಪ್ಪು ಸರಿಯಾಗುತ್ತದೆ.

ವೆಬ್ ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿರುವುದರಿಂದ ಯಾರೂ ಹೋಗಿ ಕನ್ನಡಕ ಹಾಕುವಂತಿಲ್ಲ. ಆದ್ದರಿಂದ ಈ ಬಾರಿ ಮುಖ್ಯವಾದ ಅಳತೆಗಳನ್ನು ಒಂದಕ್ಕಿಂತ ಹೆಚ್ಚು ಸ್ವತಂತ್ರ ವಿಧಾನಗಳಿಂದ ತಾಳೆ ನೋಡಿದರು. 2017ರಲ್ಲಿ ಹ್ಯೂಸ್ಟನ್‌ನ ಬೃಹತ್ ನಿರ್ವಾತ ಕೊಠಡಿಯಲ್ಲಿ ಜೋಡಿಸಿದ ದೂರದರ್ಶಕವನ್ನು ಸುಮಾರು ನೂರು ದಿನ ಪರೀಕ್ಷಿಸಿದರು. ಆಗಸ್ಟ್‌ನಲ್ಲಿ ಹಾರ್ವೆ ಚಂಡಮಾರುತ ಅಪ್ಪಳಿಸಿ ನಗರ ನೀರಿನಲ್ಲಿ ಮುಳುಗಿದಾಗಲೂ ಪರೀಕ್ಷೆ ನಿಲ್ಲಲಿಲ್ಲ. ತಂಡದವರು ಅಲ್ಲಿಯೇ ಉಳಿದು ಪಾಳಿ ಮುಂದುವರಿಸಿದರು.

2021ರ ಡಿಸೆಂಬರ್ 25ರಂದು ವೆಬ್ ಹಾರಿತು. ಮೊದಲಿಗೆ ಒಂದೇ ನಕ್ಷತ್ರ 18 ಚುಕ್ಕೆಗಳಾಗಿ ಕಂಡಿತು. ಒಂದೊಂದು ತುಂಡನ್ನೂ ಭೂಮಿಯಿಂದಲೇ ಸೂಕ್ಷ್ಮವಾಗಿ ಅಲುಗಿಸಿ, 2022ರ ಮಾರ್ಚ್ ವೇಳೆಗೆ 18 ಚುಕ್ಕೆಗಳನ್ನು ಒಂದಾಗಿಸಿದರು. ಅದಕ್ಕೆ ಬಳಸಿದ್ದು ಯಾವ ವಿದ್ಯೆ ಗೊತ್ತೇ? ಹಬಲ್‌ನ ಮಸುಕು ಚಿತ್ರಗಳನ್ನು ಓದಲು ಬಳಸಿದ ಅದೇ ಫೇಸ್ ರಿಟ್ರೀವಲ್ ಗಣಿತದ ಬೆಳೆದ ರೂಪ. ಅವಮಾನದ ದಿನಗಳಲ್ಲಿ ಹದಗೊಂಡ ವಿದ್ಯೆ ಮೂವತ್ತು ವರ್ಷಗಳ ನಂತರ ಇನ್ನೂ ದೊಡ್ಡ ಕನ್ನಡಿಯನ್ನು ಹೊಂದಿಸಿತು.

ನಮ್ಮ ಹೊಸಕೋಟೆಯಲ್ಲಿ

ಇದೆಲ್ಲ ಅಮೆರಿಕದವರ ಕೆಲಸ, ನಮಗೇನು ಎಂದು ಯಾರಾದರೂ ಕೇಳಬಹುದು. ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಭಾರತೀಯ ಖಭೌತ ಸಂಸ್ಥೆಯ ಕೇಂದ್ರವಿದೆ. 2015ರ ಸೆಪ್ಟೆಂಬರ್ 28ರಂದು ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹದ ನೇರಳಾತೀತ ದೂರದರ್ಶಕ ಜೋಡಣೆಗೊಂಡದ್ದು ಅಲ್ಲಿನ ಶುದ್ಧ ಕೊಠಡಿಯಲ್ಲಿ.

ನೇರಳಾತೀತ ಕಿರಣಗಳ ವಿಷಯದಲ್ಲಿ ಕನ್ನಡಿಯ ಆಕಾರ ಸರಿಯಿದ್ದರೆ ಸಾಲದು. ಅಂಟು, ರಬ್ಬರು, ಪ್ಲಾಸ್ಟಿಕ್‌ಗಳಿಂದ ಹೊಮ್ಮುವ ಆವಿ ಕಣ್ಣಿಗೆ ಕಾಣದಷ್ಟು ತೆಳುವಾಗಿ ಕನ್ನಡಿಯ ಮೇಲೆ ಕುಳಿತರೂ ಬೆಳಕನ್ನು ನುಂಗಿಬಿಡುತ್ತದೆ. ಆದ್ದರಿಂದ ಧೂಳಿಲ್ಲದ ಕೊಠಡಿಯಲ್ಲಿ, ಮೈಯೆಲ್ಲ ಮುಚ್ಚುವ ಉಡುಪು ತೊಟ್ಟು ಕೆಲಸ ಮಾಡಬೇಕಾಯಿತು. ಉಡಾವಣೆಯ ನಂತರವೂ ಉಪಗ್ರಹದ ಆವಿಯೆಲ್ಲ ಹೊರಹೋಗಲೆಂದು ಸುಮಾರು ಎರಡು ತಿಂಗಳು ದೂರದರ್ಶಕದ ಮುಚ್ಚಳ ತೆರೆಯದೆ ಕಾದರು. ಈ ತಾಳ್ಮೆಯ ಫಲವಾಗಿ, 930 ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯೊಂದರ ತೀವ್ರ ನೇರಳಾತೀತ ಬೆಳಕನ್ನು ಆಸ್ಟ್ರೋಸ್ಯಾಟ್ ಹಿಡಿದ ಸುದ್ದಿ 2020ರಲ್ಲಿ ಪ್ರಕಟವಾಯಿತು. ಐದು ವರ್ಷಕ್ಕೆಂದು ರೂಪಿಸಿದ ಉಪಗ್ರಹ 2025ರಲ್ಲಿ ಹತ್ತು ವರ್ಷ ಪೂರೈಸಿತು. 2023ರಲ್ಲಿ ಹಾರಿದ ಆದಿತ್ಯ ಎಲ್-1ರ ಸೌರ ಕರೋನಾ ದರ್ಶಕವೂ ಹೊಸಕೋಟೆಯಲ್ಲಿಯೇ ಸಿದ್ಧವಾಯಿತು.

ವಿದ್ಯಾರ್ಥಿಗಳಿಗೆ ಎರಡು ಮಾತು

ಈ ವೃತ್ತಿಗೆ ಬರಬೇಕೆಂದರೆ ಪಿಯುಸಿಯಲ್ಲಿ ಭೌತವಿಜ್ಞಾನ ಮತ್ತು ಗಣಿತವನ್ನು ಗಟ್ಟಿಯಾಗಿ ಕಲಿಯಬೇಕು. ಮುಂದೆ ಬಿ.ಎಸ್ಸಿ., ಎಂ.ಎಸ್ಸಿ. ಭೌತವಿಜ್ಞಾನದ ದಾರಿಯಿದೆ, ಬಿ.ಇ. ದಾರಿಯೂ ಇದೆ. ಐಐಟಿ ದೆಹಲಿಯಲ್ಲಿ, ತಿರುವನಂತಪುರದ ಬಾಹ್ಯಾಕಾಶ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ, ಕಲ್ಕತ್ತಾ ವಿಶ್ವವಿದ್ಯಾನಿಲಯದಲ್ಲಿ ಈ ವಿಷಯದ ಉನ್ನತ ಶಿಕ್ಷಣವಿದೆ. ವಿದೇಶದಲ್ಲಿ ರಾಚೆಸ್ಟರ್ ಮತ್ತು ಅರಿಜೋನಾ ವಿಶ್ವವಿದ್ಯಾನಿಲಯಗಳು ಹೆಸರಾಂತವು. ಬೆಂಗಳೂರಿನಲ್ಲಿಯೇ ಇಸ್ರೋದ ಎಲೆಕ್ಟ್ರೋ-ಆಪ್ಟಿಕ್ಸ್ ಪ್ರಯೋಗಾಲಯವಿದೆ. ಡಾಕ್ಟರೇಟ್ ಪಡೆದವರು ಮಾತ್ರ ಈ ಕೆಲಸ ಮಾಡುತ್ತಾರೆಂದು ತಿಳಿಯಬೇಡಿ. ಕನ್ನಡಿ ಉಜ್ಜುವ, ಜೋಡಿಸುವ, ಲೇಪ ಹಾಕುವ ನುರಿತ ತಂತ್ರಜ್ಞರಿಲ್ಲದೆ ಯಾವ ದೂರದರ್ಶಕವೂ ಮೇಲೇರದು.

ಆದರೆ ಪದವಿಗಿಂತ ಮೊದಲು ಬೇಕಾದ ಒಂದು ಗುಣವನ್ನು ನೀವು ಈಗಲೇ ಬೆಳೆಸಿಕೊಳ್ಳಬಹುದು. ನಮ್ಮ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ನಡೆಯುವುದನ್ನು ನೀವು ಬಲ್ಲಿರಿ. ರೀಡಿಂಗ್ ಪುಸ್ತಕದ ಉತ್ತರಕ್ಕೆ ಹೊಂದದಿದ್ದರೆ ಪಕ್ಕದವರ ರೆಕಾರ್ಡ್ ನೋಡಿ ತಿದ್ದಿಬಿಡುತ್ತೇವೆ. ಅಂಕ ಸಿಗುತ್ತದೆ, ಪರೀಕ್ಷಕರೂ ಕೇಳುವುದಿಲ್ಲ. ಡ್ಯಾನ್‌ಬರಿಯ ಕಾರ್ಖಾನೆಯಲ್ಲಿ ವಾಷರು ತುರುಕಿದ ಕೈಗೂ, ರೆಕಾರ್ಡ್ ಪುಸ್ತಕದಲ್ಲಿ ಅಂಕಿ ತಿದ್ದುವ ಕೈಗೂ ಎಷ್ಟು ವ್ಯತ್ಯಾಸವಿದೆ ಎಂದು ನೀವೇ ಯೋಚಿಸಿ.

ಮುಂದಿನ ಸಲ ನಿಮ್ಮ ರೀಡಿಂಗ್ ಹೊಂದದಿದ್ದಾಗ ಅದನ್ನು ಅಳಿಸಬೇಡಿ. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಏಕೆ ಹೊಂದಲಿಲ್ಲ ಎಂದು ಉಪನ್ಯಾಸಕರನ್ನು ಕೇಳಿ, ಮತ್ತೊಮ್ಮೆ ಬೇರೆ ವಿಧಾನದಿಂದ ಅಳೆದು ನೋಡಿ. ಒಂದೆರಡು ಅಂಕ ಹೋದರೆ ಹೋಗಲಿ. ನಾಳೆ ಹೊಸಕೋಟೆಯ ಶುದ್ಧ ಕೊಠಡಿಯಲ್ಲೋ ಬೇರೆ ಯಾವುದೋ ಕೆಲಸದ ಮೇಜಿನ ಮುಂದೆಯೋ ನಿಂತಾಗ, ಕೋಟಿಗಟ್ಟಲೆ ರೂಪಾಯಿಯ ಉಪಕರಣವನ್ನು ನಂಬಿ ನಿಮ್ಮ ಕೈಗೆ ಕೊಡಲು ಬೇಕಾದ ಅರ್ಹತೆ ಅಲ್ಲಿಂದಲೇ ಆರಂಭವಾಗುತ್ತದೆ.